ಸ್ವಲ್ಪ ಕೂರಿಸಿ ಮೇಡಂ

ನಮ್ಮ ಹುತ್ತೂರು ಕಡೆಯ ಇಬ್ಬರು ಹೆಣ್ಣುಮಕ್ಕಳು ಈ ಸಲ ಪೊಲೀಸ್ ಇಲಾಖೆಗೆ ಆಯ್ಕೆಯಾಗಿದ್ದಾರೆ. ತರಬೇತಿಗೆ ಹೊರಡುವ ಮುಂಚೆ ಮನೆಗೆ ಬಂದು, ಕಾಫಿ ಕುಡಿದು, "ಆಂಟಿ, ಕೆಲಸ ನಿಜವಾಗ್ಲೂ ಹೆಂಗಿರುತ್ತೆ?" ಅಂತ ಕೇಳಿದರು. "ಚೆನ್ನಾಗಿರುತ್ತೆ, ಬೂಟು ಒಂದು ಸೈಜು ದೊಡ್ಡದೇ ತಗೊಳ್ಳಿ" ಅಂತ ಹೇಳಿ ಕಳಿಸಿದೆ. ಅವರು ಗೇಟು ದಾಟಿದ ಮೇಲೆ ನನ್ನ ಮೇಲೆ ನನಗೇ ಸಿಟ್ಟು ಬಂತು. ಅಷ್ಟು ವರ್ಷ ಖಾಕಿ ಹಾಕಿದವಳಿಗೆ ಹೇಳಲು ಬೂಟಿನ ವಿಷಯ ಬಿಟ್ಟು ಬೇರೇನೂ ಇರಲಿಲ್ಲವೇ? ಅದಕ್ಕೇ ಇದನ್ನು ಬರೆಯಲು ಕೂತೆ.

ಬಡ್ತಿಯ ವಿಷಯ ಬೇಡ. ಕಾನ್‌ಸ್ಟೇಬಲ್ ಆಗಿ ಸೇರಿದೆ, ಎಎಸ್‌ಐ ಆಗಿ ಮನೆಗೆ ಬಂದೆ. ನಡುವಿನ ಬಹುಕಾಲ ನಾನು ಠಾಣೆಯ ರೈಟರ್, ಅಂದರೆ ದೂರು, ಡೈರಿ, ರಿಜಿಸ್ಟರು ಎಲ್ಲವನ್ನೂ ಬರೆಯುವವಳು. ಕೋಲಾರ ಜಿಲ್ಲೆಯ ನಾಲ್ಕೈದು ಠಾಣೆ ಸುತ್ತಿದ್ದೇನೆ. ಈಗ ಹೇಳಹೊರಟಿರುವುದು ನಡೆದದ್ದು ಮುಳಬಾಗಿಲು ಸೀಮೆಯ ಒಂದು ಠಾಣೆಯಲ್ಲಿ. ಅದರ ಹೆಸರು ಹೇಳುವುದಿಲ್ಲ. ಅಲ್ಲಿ ಈಗಿರುವ ಹುಡುಗರದು ಏನೂ ತಪ್ಪಿಲ್ಲ.

ನಾನು ಅಲ್ಲಿಗೆ ರೈಟರ್ ಆಗಿ ಹೋದ ಹೊಸದರಲ್ಲಿ ಮೊದಲು ಕಲಿತ ಶಬ್ದ 'ಕೂರಿಸುವುದು'. ಅರೆಸ್ಟ್ ಬೇರೆ, ಕೂರಿಸುವುದು ಬೇರೆ. ಒಬ್ಬನನ್ನು ಕರೆಸಿ, ಹೊರಗಿನ ಹುಣಸೆಮರದ ಕೆಳಗೆ ಬೆಂಚಿನ ಮೇಲೆ ಕೂರು ಅನ್ನುವುದು. ಬೆಳಿಗ್ಗೆ ಬಂದವನು ಸಂಜೆಯವರೆಗೆ ಕೂರುತ್ತಾನೆ. ಯಾವ ಪುಸ್ತಕದಲ್ಲೂ ಅವನ ಹೆಸರಿರುವುದಿಲ್ಲ. ಆಗಿನ ನಮ್ಮ ಇನ್ಸ್‌ಪೆಕ್ಟರು ಸಮಾಧಾನದ ಮನುಷ್ಯ, ಯಾರ ಮೇಲೂ ಕೈ ಎತ್ತಿದವರಲ್ಲ. ಅವರೇ ಒಂದು ದಿನ ನನ್ನ ಪೆನ್ನು ಹಿಡಿದು ನಿಲ್ಲಿಸಿದರು.

"ಸರೋಜಾ, ಅದನ್ನೆಲ್ಲ ಡೈರಿಲಿ ಬರೀಬೇಡ. ಅರೆಸ್ಟ್ ಮಾಡಿದ್ರೆ ಕೋರ್ಟು ಕೇಳುತ್ತೆ. ಕೂರ್ಸಿದ್ರೆ ಯಾರೂ ಕೇಳಲ್ಲ."

ನನಗೆ ಇದು ತಪ್ಪು ಅನಿಸಲಿಲ್ಲ. ಹೊಡೆಯುವುದಕ್ಕಿಂತ ಕೂರಿಸುವುದು ವಾಸಿಯಲ್ಲವೇ ಅನಿಸಿತು. ಊರಿನವರೂ ಹಾಗೇ ತಿಳಿದಿದ್ದರು. ಗಂಡ ಕುಡಿದು ಬಂದರೆ ಹೆಂಡತಿ ಬಂದು, ತಮ್ಮ ಬದು ಒತ್ತಿದರೆ ಅಣ್ಣ ಬಂದು, "ಸ್ವಲ್ಪ ಕೂರಿಸಿ ಮೇಡಂ" ಅನ್ನುತ್ತಿದ್ದರು. ನಾವೂ ಕೂರಿಸುತ್ತಿದ್ದೆವು.

ಒಂದು ಸಲ ಬಂದ್ ದಿನ ಆ ತಾಲ್ಲೂಕಿನ ಒಬ್ಬ ನಾಯಕರನ್ನೇ ಕೂರಿಸಬೇಕಾಯಿತು. ಆಗ ಅವರು ವಿರೋಧ ಪಕ್ಷ. ಬಿಳಿ ಪಂಚೆ ಧೂಳಾಗದಂತೆ ಮೇಲಕ್ಕೆ ಕಟ್ಟಿ, ಬೆಂಚಿನ ತುದಿಯಲ್ಲಿ ಕೂತರು. ನಾನು ಟೀ ಕೊಟ್ಟೆ. ಟೀ ಆರಿದರೂ ಕುಡಿಯಲಿಲ್ಲ.

"ಇದು ಯಾವ ಕಾನೂನಮ್ಮಾ? ಒಂದು ಚೀಟಿ ಇಲ್ದೆ ಮನುಷ್ಯನ್ನ ಹಿಡಿದಿಟ್ಕೊಳ್ಳೋದು? ಪೊಲೀಸ್ ರಾಜ್ಯಾನಾ ಇದು? ನಾವು ಬಂದ್ರೆ ಮೊದಲು ಇದನ್ನ ನಿಲ್ಲಿಸ್ತೀವಿ, ಬರ್ದಿಟ್ಕೊಳ್ಳಿ" ಅಂದರು.

 ನಾನು ನಂಬಿದೆ, ಸುಳ್ಳೇಕೆ ಹೇಳಲಿ. ಚುನಾವಣೆಯಲ್ಲಿ ಅವರು ಗೆದ್ದರು, ಅವರ ಪಕ್ಷದ ಸರ್ಕಾರವೂ ಬಂತು. ತಿಂಗಳು ಕಳೆದಿತ್ತೋ ಇಲ್ಲವೋ, ಠಾಣೆಯ ಫೋನು ಬಡಿಯಿತು. ಎತ್ತಿದರೆ ಅದೇ ನಾಯಕರ ದನಿ.

"ಮೇಡಂ, ಇನ್ಸ್‌ಪೆಕ್ಟರ್ ಇಲ್ವಾ? ಸರಿ, ನೀವೇ ಕೇಳಿಸ್ಕೊಳ್ಳಿ. ಮುನಿವೆಂಕಟಪ್ಪ ಅಂತ ಒಬ್ಬ ಇದಾನೆ. ಕೆರೆ ಹತ್ರ ಗಲಾಟೆ ಎಬ್ಬಿಸ್ತಾವ್ನೆ. ಅವನನ್ನ ಸ್ವಲ್ಪ ಕೂರಿಸಿ ಮೇಡಂ."

ಮುನಿವೆಂಕಟಪ್ಪ ನಲವತ್ತರ ಆಸುಪಾಸಿನ ರೈತ. ರಾಗಿ, ಸ್ವಲ್ಪ ಹಿಪ್ಪುನೇರಳೆ, ಎರಡು ಸೀಮೆಹಸು, ಇಬ್ಬರು ಹೆಣ್ಣುಮಕ್ಕಳು. ಅವರೂರಿನ ಕೆರೆಯ ಅಂಗಳದಲ್ಲಿ ಜೆಸಿಬಿ ಇಳಿಸಿ ಮಣ್ಣು ತೆಗೆದು ಮಾಲೂರು ಕಡೆಯ ಇಟ್ಟಿಗೆ ಗೂಡುಗಳಿಗೆ ಸಾಗಿಸುತ್ತಿದ್ದರು. ಲಾರಿಗಳು ನಾಯಕರ ಕಡೆಯವರವು. ಈತ ಲಾರಿ ದಾರಿಗೆ ಅಡ್ಡಲಾಗಿ ತನ್ನ ಎರಡೂ ಹಸು ಕಟ್ಟಿ, ಪಕ್ಕದಲ್ಲಿ ಟವೆಲ್ ಹಾಸಿಕೊಂಡು ಕೂತಿದ್ದ. ಹಸುವಿಗೆ ಲಾರಿ ಹತ್ತಿಸುವ ಧೈರ್ಯ ಯಾವ ಡ್ರೈವರಿಗೂ ಬರಲಿಲ್ಲ. ತಳ್ಳಾಟ ಆಯಿತು. ಒಂದಾದ ಮೇಲೊಂದು ಮೂರು ದೂರು ಬಂದವು, ಮೂರೂ ಲಾರಿಯವರದೇ. ಅದರ ಮೇಲೆ ಮೇಲಿನಿಂದ ಮಾತು ಬಂತು, ರೌಡಿ ಶೀಟ್ ತೆರೆಯಿರಿ ಅಂತ.

ರೌಡಿ ಶೀಟ್ ಅಂದರೆ ಒಬ್ಬ ಮನುಷ್ಯನ ಮೇಲೆ ಠಾಣೆ ಕಣ್ಣಿಡುವುದಕ್ಕಾಗಿ ತೆರೆಯುವ ಹಾಳೆ. ಫೋಟೋ, ಎತ್ತರ, ಸ್ನೇಹಿತರು, ಮೈಮೇಲಿನ ಗುರುತು ಎಲ್ಲ ಅದರಲ್ಲಿರುತ್ತೆ. ಅದನ್ನು ಬರೆದವಳು ನಾನೇ. ಅವನ ಎಡಗೈಯಲ್ಲಿ ಒಂದು ಗಾಯದ ಕಲೆ ಇತ್ತು.

"ಇದು ಏನಾಗಿದ್ದಪ್ಪ?" ಅಂದೆ. ಆಗ ನಾವು ಎಲ್ಲರನ್ನೂ ಏಕವಚನದಲ್ಲೇ ಮಾತಾಡಿಸುತ್ತಿದ್ದೆವು.

"ಸೊಪ್ಪು ಕೊಯ್ಯೋವಾಗ ಕುಡುಗೋಲು ತಗುಲ್ತಮ್ಮಾ."

ನಾನು ಬರೆದೆ: 'ಎಡ ಮುಂಗೈಯಲ್ಲಿ ಹರಿತವಾದ ಆಯುಧದಿಂದ ಆದ ಗಾಯದ ಗುರುತು.' ಸುಳ್ಳಲ್ಲ. ಕುಡುಗೋಲು ಹರಿತವೇ. ಆದರೆ ಓದಿದವರಿಗೆ ಏನನಿಸಬೇಕೋ ಅದು ಅನಿಸುವ ಹಾಗೆ ಬರೆದಿದ್ದೆ. ಆ ವಾಕ್ಯ ಚೆನ್ನಾಗಿ ಬಂತು ಅಂತ ಆವತ್ತು ಒಳಗೊಳಗೇ ಖುಷಿಯೂ ಆಗಿತ್ತು. ನಾಚಿಕೆಗೇಡು.

ಬರೆದದ್ದನ್ನು ಓದಿ ಹೇಳಿದೆ. ಅವನು ನಗಲೋ ಅಳಲೋ ಅನ್ನುವ ಮುಖ ಮಾಡಿದ.

"ಅಮ್ಮಾ, ರೌಡಿ ಅಂದ್ರೆ ನಾನಾ? ನಮ್ಮನೇಲಿ ಕೋಳಿ ಕುಯ್ಯೋಕೂ ಪಕ್ಕದ ಮನೆಯೋನ್ನ ಕರೀತೀವಿ."

ಸೆಂಟ್ರಿಯಲ್ಲಿದ್ದ ಹುಡುಗ ನಕ್ಕುಬಿಟ್ಟ. ನನಗೂ ನಗು ಬಂತು. ಅವನು ಮಾತ್ರ ನಗಲಿಲ್ಲ.

"ಇದು ಯಾವಾಗ ಹೋಗುತ್ತಮ್ಮಾ? ಇಬ್ರು ಹುಡುಗೀರವರೆ. ಅವರ ಮದುವೆ ಹೊತ್ತಿಗಾದ್ರೂ ಹೋಗ್ಬೇಕು. ಧಾರೆ ಎರೆಯೋಕೆ ನಾನು ನಿಂತ್ಕೊಂಡ್ರೆ ಬೀಗರು ಏನಂತಾರೆ?"

"ನೆಟ್ಟಗಿದ್ರೆ ಹೋಗುತ್ತಪ್ಪ. ನಾನು ನೋಡ್ಕೋತೀನಿ ಬಿಡು" ಅಂದೆ.

ಆ ಮಾತನ್ನು ನಾನು ಅಂದೆ. ಅದನ್ನು ಮರೆಯಬೇಡಿ, ನಾನು ಮರೆತಿದ್ದೆ.

ಅಲ್ಲಿಂದ ಮುಂದೆ ಗಣೇಶನ ಹಬ್ಬ, ಚುನಾವಣೆ, ಬಂದ್ ಏನು ಬಂದರೂ ರೌಡಿಗಳನ್ನೆಲ್ಲ ಕರೆಸಿ ಅಂಗಳದಲ್ಲಿ ಸಾಲಾಗಿ ಕೂರಿಸಿ, ಸಾಹೇಬರು ಅವರಿಗೆ ಎಚ್ಚರಿಕೆ ಕೊಡುವುದು. ಪೆರೇಡ್ ಅನ್ನುತ್ತೇವೆ. ಮುನಿವೆಂಕಟಪ್ಪ ಎಲ್ಲರಿಗಿಂತ ಮೊದಲು ಬರುತ್ತಿದ್ದ. ಒಗೆದ ಅಂಗಿ, ಕೈಯಲ್ಲಿ ಬುತ್ತಿ. ನಿಜವಾದ ರೌಡಿಗಳು "ಬಂದ್ರಪ್ಪಾ ನಮ್ಮ ಗುರುಗಳು" ಅಂತ ರೇಗಿಸಿ, ನೆರಳಿರುವ ಕಡೆ ಜಾಗ ಬಿಡುತ್ತಿದ್ದರು. ಹೋಬಳಿ ದಾಟಿ ಹೋಗಬೇಕಾದರೆ ಹೇಳಿ ಹೋಗಬೇಕು ಅಂತ ನಾವು ಬಾಯಿಮಾತಿಗೆ ಹೇಳಿದ್ದನ್ನೂ ಚಾಚೂ ತಪ್ಪದೆ ಪಾಲಿಸುತ್ತಿದ್ದ. ಕುರುಡುಮಲೆ ಗಣೇಶನಿಗೆ ಹೆಂಡತಿ ಮಕ್ಕಳನ್ನು ಕರೆದುಕೊಂಡು ಹೋಗಬೇಕಾದರೂ ಠಾಣೆಗೆ ಬಂದು ಕೇಳಿ ಹೋಗುತ್ತಿದ್ದ.

ಆಮೇಲೆ ಗಾಳಿ ತಿರುಗಿತು. ಬೇರೆ ಯಾವುದೋ ಜಿಲ್ಲೆಯ ಠಾಣೆಯಲ್ಲಿ ಒಬ್ಬ ಸತ್ತ. ಟಿವಿಯಲ್ಲಿ ವಾರಗಟ್ಟಲೆ ಅದೇ. ಕೋಲಾರದಲ್ಲಿ ನಮಗೆಲ್ಲ ಮಾನವ ಹಕ್ಕುಗಳ ತರಬೇತಿ ಆಯಿತು. ಹುಣಸೆಮರದ ಕೆಳಗಿನ ಬೆಂಚನ್ನು ಒಳಗೆ ಹಾಕಿಸಿದರು, ಬಾಗಿಲ ಮೇಲೆ ಕ್ಯಾಮೆರಾ ಬಂತು. ಬೇಡದ ರೌಡಿ ಶೀಟ್‌ಗಳನ್ನು ಮುಚ್ಚಿ ಅಂತ ಮೇಲಿನಿಂದ ಆದೇಶ ಬಂತು. ಯಾವುದನ್ನು ಮುಚ್ಚಬೇಕು ಅನ್ನುವ ಪಟ್ಟಿಯನ್ನು ಬರೆದವಳು ನಾನೇ, ಮೊದಲ ಹೆಸರು ಮುನಿವೆಂಕಟಪ್ಪನದೇ ಹಾಕಿದೆ. ಮಂಜೂರಾಗಿ ಬಂತು. ರಿಜಿಸ್ಟರಿನಲ್ಲಿ ಕೆಂಪು ಇಂಕಿನಲ್ಲಿ 'ಮುಕ್ತಾಯ' ಅಂತ ಬರೆದು ಸಹಿ ಮಾಡಿಸಿದೆ. ಮುಂದಿನ ವಾರ ನನಗೆ ಮಾಲೂರಿಗೆ ವರ್ಗ ಆಯಿತು. ಸಾಮಾನು ಕಟ್ಟಿಕೊಂಡು ಹೊರಟೆ.

ಈಗ ಓದುವವರಿಗೆ ಗೊತ್ತಾಗಿರಬಹುದು ನಾನು ಏನು ಮಾಡಲಿಲ್ಲ ಅಂತ. ಅವನಿಗೆ ಹೇಳಲಿಲ್ಲ. ಹೇಳಬಾರದು ಅಂತಲ್ಲ. ಹೇಳುವ ಪದ್ಧತಿಯೇ ಇರಲಿಲ್ಲ. ಆದೇಶದ ಪ್ರತಿ ಯಾರ್ಯಾರಿಗೆ ಅಂತ ಕೆಳಗೆ ಬರೆದಿರುತ್ತದಲ್ಲ, ಅದರಲ್ಲಿ ಎಲ್ಲ ಕಚೇರಿಗಳ ಹೆಸರಿತ್ತು, ಅವನ ಹೆಸರಿರಲಿಲ್ಲ. ಕಾಗದದಲ್ಲಿ ಇಲ್ಲದ್ದು ನನ್ನ ತಲೆಗೂ ಬರಲಿಲ್ಲ.

ಮಾಲೂರು ಕಡೆ ಇದ್ದಾಗ ನಡೆದ ಒಂದು ವಿಷಯ ಹೇಳದಿದ್ದರೆ ನಿಮಗೆ ಮೋಸ ಮಾಡಿದ ಹಾಗಾಗುತ್ತದೆ. ಇಟ್ಟಿಗೆ ಗೂಡಿನಲ್ಲಿ ಕೆಲಸ ಮಾಡುವ ಹೆಂಗಸು ಒಬ್ಬಳು ಬಂದು, ಗಂಡ ಇವತ್ತು ಏನಾದರೂ ಮಾಡಿಬಿಡುತ್ತಾನೆ, ಸ್ವಲ್ಪ ಕೂರಿಸಿ ಮೇಡಂ ಅಂತ ಕೈ ಮುಗಿದಳು. ನಾನು ಹೊಸ ತರಬೇತಿಯ ಬಿಸಿಯಲ್ಲಿದ್ದೆ. ಹಾಗೆಲ್ಲ ಕೂರಿಸೋಕೆ ಬರಲ್ಲಮ್ಮ, ದೂರು ಬರೆದುಕೊಡು, ನೋಟಿಸ್ ಕೊಡ್ತೀವಿ ಅಂದೆ. ಅವಳು ಬರೆದುಕೊಡಲಿಲ್ಲ, ಹೋದಳು. ಮಾರನೆಯ ದಿನ ಆಸ್ಪತ್ರೆಯಲ್ಲಿ ಕೈಗೆ ಪಟ್ಟಿ ಕಟ್ಟಿಸಿಕೊಂಡು ಮಲಗಿದ್ದಳು. ಹೇಳಿಕೆ ತೆಗೆದುಕೊಳ್ಳಲು ನಾನೇ ಹೋದೆ. "ನಿನ್ನೆ ಕೂರಿಸಿದ್ರೆ ನಿಮ್ಮ ಗಂಟೇನ್ ಹೋಗ್ತಿತ್ತು ಮೇಡಂ?" ಅಂದಳು. ಅದೊಂದನ್ನು ಬಿಟ್ಟು ಉಳಿದದ್ದನ್ನು ಹೇಳಿಕೆಯಲ್ಲಿ ಬರೆದುಕೊಂಡೆ.

ಅಲ್ಲಿಂದ ಶ್ರೀನಿವಾಸಪುರ. ಮಾವಿನ ಕಾಲದಲ್ಲಿ ಪಂಪ್‌ಸೆಟ್ ಕದ್ದ ಅಂತ ಒಬ್ಬನನ್ನು ಜನವೇ ಕಟ್ಟಿ ತಂದರು. "ಬಾಯಿ ಬಿಡಿಸಿ, ಇಲ್ಲಾಂದ್ರೆ ನಮಗೆ ಬಿಡಿ" ಅಂತ ಒಬ್ಬ ಯಜಮಾನ ಕೂಗಾಡಿದ. ಕೈ ಮುಟ್ಟಲ್ಲ ಅಂದಿದ್ದಕ್ಕೆ ನಮಗೆ ಬಾಯಿಗೆ ಬಂದ ಹಾಗೆ ಬೈದ. ಅದಾಗಿ ಸ್ವಲ್ಪ ದಿನಕ್ಕೆ ಬೈಕ್ ಗಲಾಟೆಯಲ್ಲಿ ಆ ಯಜಮಾನನ ಮಗನನ್ನೇ ಕರೆತಂದರೆ, ವಕೀಲರನ್ನು ಜೊತೆಗೆ ಹಾಕಿಕೊಂಡು ಬಂದು ಇಪ್ಪತ್ತನಾಲ್ಕು ಗಂಟೆಯೊಳಗೆ ಕೋರ್ಟು, ಮೂಲಭೂತ ಹಕ್ಕು ಅಂತೆಲ್ಲ ಪಾಠ ಒಪ್ಪಿಸಿದ. ಇದರಲ್ಲಿ ಯಾವ ಮಾತು ಅವನದು ಅಂತ ನಾನು ತಿಳಿಯಲಿ? ಬಹುಶಃ ಎರಡೂ ಅವನವೇ.

ಏಳು ವರ್ಷ ಕಳೆದ ಮೇಲೆ ಎಎಸ್‌ಐ ಆಗಿ ಅದೇ ಹಳೇ ಠಾಣೆಗೆ ಬಂದೆ. ಸರ್ಕಾರ ಬದಲಾಗಿತ್ತು. ಅದೇ ನಾಯಕರು ಮತ್ತೆ ವಿರೋಧ ಪಕ್ಷದಲ್ಲಿದ್ದರು. ವಿರೋಧದಲ್ಲಿದ್ದಾಗ ಹಕ್ಕು ಹಕ್ಕು ಅನ್ನುತ್ತಿದ್ದ ಇನ್ನೊಂದು ಕಡೆಯವರು ಈಗ ಅಧಿಕಾರದಲ್ಲಿ ಕೂತು, ಪೊಲೀಸರ ಕೈ ಬಿಚ್ಚಿಬಿಡಬೇಕು ಅನ್ನುತ್ತಿದ್ದರು. ಗಣೇಶನ ಹಬ್ಬದ ಹಿಂದಿನ ದಿನ ಬೆಳಿಗ್ಗೆ ಪೆರೇಡ್ ಇತ್ತು. ಅಂಗಳಕ್ಕೆ ಬಂದೆ. ಮೊದಲ ಸಾಲಿನ ತುದಿಯಲ್ಲಿ ತಲೆ ಪೂರ್ತಿ ನೆರೆತ ಒಬ್ಬ ಮನುಷ್ಯ ಬುತ್ತಿ ತೊಡೆಯ ಮೇಲಿಟ್ಟುಕೊಂಡು ಕೂತಿದ್ದ.

"ಮುನಿವೆಂಕಟಪ್ಪ ಅಲ್ವಾ? ಇಲ್ಲೇನ್ ಮಾಡ್ತಿದೀಯಾ?" ಅಂದೆ.

"ಬಾಗುನ್ನಾರಾ ಅಮ್ಮಾ, ಚೆನ್ನಾಗಿದೀರಾ? ಹಬ್ಬ ಅಲ್ವಾ, ಬಂದೆ" ಅಂದ. ನನ್ನನ್ನು ನೋಡಿ ಅವನಿಗೆ ನಿಜವಾಗಿ ಸಂತೋಷವಾಗಿತ್ತು.

ಒಳಗೆ ಹೋಗಿ ರಿಜಿಸ್ಟರು ತೆಗೆಸಿದೆ. ಕೆಂಪು ಇಂಕಿನ 'ಮುಕ್ತಾಯ' ಹಾಗೇ ಇತ್ತು. ಬೀಟ್ ಕಾನ್‌ಸ್ಟೇಬಲ್ ಹುಡುಗನನ್ನು ಕೇಳಿದರೆ ಬೀರುವಿನ ಬಾಗಿಲ ಒಳಮೈ ತೋರಿಸಿದ. ಅಲ್ಲಿ ಹಳೇ ರೌಡಿಗಳ ಪಟ್ಟಿಯ ಜೆರಾಕ್ಸ್ ಅಂಟಿಸಿತ್ತು. ಪ್ರತಿ ಹಬ್ಬಕ್ಕೂ ಅದನ್ನು ನೋಡಿಕೊಂಡೇ ಎಲ್ಲರಿಗೂ ಫೋನು ಮಾಡುತ್ತಿದ್ದರಂತೆ. ಅದನ್ನು ಅಂಟಿಸಿದ್ದು ಯಾರೋ ಗೊತ್ತಿಲ್ಲ. ನಾನೇ ಇರಬಹುದು.

ಇನ್ಸ್‌ಪೆಕ್ಟರು ಹೊಸಬರು, ಚುರುಕು. ಅವರಿಗೆ ಹೇಳಿದೆ. "ಮೇಡಂ, ಮುಂದಿನ ಸಲದಿಂದ ಕರೀಬೇಡಿ ಅಷ್ಟೇ. ಹೇಳೋಕೆ ಹೋಗ್ಬೇಡಿ. ಕೋರ್ಟಿಗೆ ಹೋದ್ರೆ ನನ್ನ ತಲೆಗೂ ಬರುತ್ತೆ, ನಿಮ್ಮ ಪೆನ್ಷನ್‌ಗೂ ಬರುತ್ತೆ" ಅಂದರು. ಕೆಟ್ಟ ಮನುಷ್ಯರಲ್ಲ, ನನ್ನ ಒಳ್ಳೆಯದಕ್ಕೇ ಅಂದರು.

ನಾನು ಆಗಲಿ ಸಾರ್ ಅಂದೆ. ಹೊರಗೆ ಬಂದವಳು ಹೇಳಿಬಿಟ್ಟೆ. ಧೈರ್ಯ ಅಂದುಕೊಳ್ಳಬೇಡಿ, ತಡೆದುಕೊಳ್ಳಲು ಆಗಲಿಲ್ಲ.

"ಮುನಿವೆಂಕಟಪ್ಪನೋರೆ, ನಿಮ್ಮ ಶೀಟು ಮುಚ್ಚಿ ಏಳು ವರ್ಷ ಆಯ್ತು. ನೀವು ಬರಬೇಕಾಗೇ ಇರಲಿಲ್ಲ."

ನಾನು ಬಹುವಚನದಲ್ಲಿ ಮಾತಾಡಿಸಿದ್ದಕ್ಕೆ ಆತ ಮೊದಲು ಹಿಂದೆ ತಿರುಗಿ ನೋಡಿದ, ಬೇರೆ ಯಾರನ್ನೋ ಕರೆದೆ ಅಂತ. ಆಮೇಲೆ ಬೆರಳು ಮಡಚಿ ಲೆಕ್ಕ ಹಾಕಿದ.

"ಹಂಗಾದ್ರೆ ದೊಡ್ಡ ಹುಡುಗಿ ಮದುವೆ ಹೊತ್ತಿಗೆ?"

"ಇರಲಿಲ್ಲ" ಅಂದೆ.

ದೊಡ್ಡವಳ ಮದುವೆ ಗಡಿಯಾಚೆ ಗಂಡಿನ ಊರಿನಲ್ಲಿ ಆಗಿತ್ತಂತೆ. ಚುನಾವಣೆಯ ಕಾಲ. ಆಗಿದ್ದ ಸಬ್ ಇನ್ಸ್‌ಪೆಕ್ಟರು, ಹೋಬಳಿ ದಾಟಿದರೆ ಮತ್ತೆ ಕೇಸು ಅಂದಿದ್ದರಂತೆ. ಮುಹೂರ್ತದ ಹೊತ್ತಿಗೆ ಈತ ನಮ್ಮ ಠಾಣೆಯ ಅಂಗಳದಲ್ಲಿ ಕೂತಿದ್ದ. ತಮ್ಮ ಮತ್ತು ತಮ್ಮನ ಹೆಂಡತಿ ನಿಂತು ಧಾರೆ ಎರೆದರಂತೆ. ಇದನ್ನೆಲ್ಲ ಆತ ಸಿಟ್ಟಿಲ್ಲದೆ ಹೇಳಿದ. ಬೈದಿದ್ದರೆ ಚೆನ್ನಾಗಿತ್ತು. ಯೂನಿಫಾರಂನಲ್ಲಿ ಅಳಬಾರದು ಅಂತ ತರಬೇತಿಯಲ್ಲಿ ಹೇಳುತ್ತಾರೆ. ನಾನು ಅತ್ತುಬಿಟ್ಟೆ. ಆತನೇ ಬುತ್ತಿಯ ಜೊತೆ ತಂದಿದ್ದ ನೀರಿನ ಬಾಟಲಿ ಕೊಟ್ಟ.

ಸುದ್ದಿ ಹೇಗೋ ನಾಯಕರಿಗೆ ಮುಟ್ಟಿತು. ಟಿವಿಯವರನ್ನು ಕರೆದುಕೊಂಡು, ಹಾರ ಹಿಡಿದು ಆತನ ಮನೆಗೇ ಹೋದರು. ಪೊಲೀಸ್ ರಾಜ್ಯದ ಬಗ್ಗೆ ನಾಲ್ಕು ಮಾತು ಹೇಳಪ್ಪ ಅಂದರಂತೆ. "ಕೂರ್ಸಿದ್ದು ಯಾರು ಅಂತ ಟಿವಿಯೋರು ಕೇಳಿದ್ರೆ ಏನ್ ಹೇಳ್ಲಣ್ಣಾ?" ಅಂತ ಆತ ಕೇಳಿದನಂತೆ. ಅಲ್ಲಿಂದ ನಾಯಕರು ನೇರವಾಗಿ ಠಾಣೆಗೆ ಬಂದರು. ನನ್ನ ಮುಂದೆ ಕುರ್ಚಿಯಲ್ಲಿ ಕೂತು, "ಏನ್ ಅನ್ಯಾಯ ಮೇಡಂ ಇದು, ಯಾರ್ ಮಾಡಿದ್ದು?" ಅಂದರು. ನೀವೇ ಫೋನ್ ಮಾಡಿದ್ರಿ ಸಾರ್ ಅಂದೆ. ಅವರು ನನ್ನ ಮುಖವನ್ನೇ ನೋಡಿದರು. ಆ ಮುಖದಲ್ಲಿ ನಾಟಕ ಕಾಣಲಿಲ್ಲ. ಅವರಿಗೆ ನಿಜವಾಗಿಯೂ ನೆನಪಿರಲಿಲ್ಲವೋ, ಅಥವಾ ನನಗೇ ಮುಖ ಓದಲು ಬರುವುದಿಲ್ಲವೋ. ಅಷ್ಟು ವರ್ಷ ಪೊಲೀಸ್ ಕೆಲಸ ಮಾಡಿಯೂ ಇದನ್ನು ಹೇಳಲಾರೆ.

ಮುಂದಿನ ಹಬ್ಬಕ್ಕೆ ನಾವು ಆತನಿಗೆ ಫೋನು ಮಾಡಲಿಲ್ಲ. ಆದರೂ ಬಂದ. ಬುತ್ತಿ ಸಮೇತ.

"ಯಾಕ್ ಬಂದ್ರಿ? ಇಲ್ಲ ಅಂತ ಹೇಳಿದೆನಲ್ಲ" ಅಂತ ಗದರಿದೆ.

"ನೀವು ಹೇಳಿದ್ರಿ ಅಮ್ಮಾ, ನಿಮ್ಮ ಮಾತು ಸುಳ್ಳು ಅಂತೀನಾ? ಈಗ ಇಲ್ಲ ಅಂತಾರೆ. ನಾಳೆ ಬೇರೆಯೋರು ಬರ್ತಾರೆ, ಅದೆ ಅಂತಾರೆ. ಆಗ 'ಇವನು ಬರ್ತಾನೇ ಇರ್ಲಿಲ್ಲ' ಅಂತ ಯಾರಾದ್ರೂ ಬರೆದ್ರೆ? ಚಿಕ್ಕ ಹುಡುಗಿ ಮದುವೆ ಇನ್ನೂ ಅದೆ. ಆಗೋವರ್ಗೂ ಬಂದು ಹೋಗ್ತೀನಿ ಬಿಡಿ, ನನಗೇನೂ ತೊಂದ್ರೆ ಇಲ್ಲ."

ನಾನು ರೇಗಿದೆ, ಬುದ್ಧಿ ಹೇಳಿದೆ, ರಿಜಿಸ್ಟರು ತೆರೆದು ತೋರಿಸಿದೆ. ತಲೆ ಆಡಿಸಿದ. ಮಧ್ಯಾಹ್ನದವರೆಗೂ ಕೂತಿದ್ದು, ಊಟ ಮಾಡಿ, ಹೇಳಿ ಹೋದ. ನಾನು ನಿವೃತ್ತಿಯಾಗುವವರೆಗೂ ಹೀಗೇ ನಡೆಯಿತು. ಓಡಿಸಿದರೆ ಅವಮಾನ, ಕೂರಿಸಿದರೆ ಅಪರಾಧ. ಯಾವುದನ್ನು ಮಾಡಬೇಕಿತ್ತು ಅಂತ ಹೊಸದಾಗಿ ಸೇರುವ ನೀವಾದರೂ ಯೋಚಿಸಿ.

ಕಳೆದ ತಿಂಗಳು ಹುತ್ತೂರಿನ ನಮ್ಮ ಮನೆ ಬಾಗಿಲಿಗೆ ಆತ ಬಂದ. ಎರಡು ಬಸ್ಸು ಬದಲಾಯಿಸಿ, ವಿಳಾಸ ಕೇಳಿಕೊಂಡು ಬಂದಿದ್ದ. ತಟ್ಟೆಯಲ್ಲಿ ಹಣ್ಣು, ಎಲೆ ಅಡಿಕೆ, ಅದರ ಮೇಲೆ ಚಿಕ್ಕ ಮಗಳ ಲಗ್ನಪತ್ರಿಕೆ. ಗಂಡಿನ ಊರು ತಾಯಲೂರಿನಿಂದಾಚೆ, ಅವರ ಹೋಬಳಿ ಅಲ್ಲ. ಕಾಫಿ ಕುಡಿದು ಲೋಟ ಕೆಳಗಿಟ್ಟ ಮೇಲೂ ಏಳಲಿಲ್ಲ.

"ಅಮ್ಮಾ, ಧಾರೆಗೆ ನಾನೇ ನಿಂತ್ಕೊಬೇಕು ಅಂತ ಹುಡುಗಿ ಹಟ ಹಿಡಿದವಳೆ. ಹೋಗ್ಲಾ?"

"ಅಯ್ಯೋ, ನಿಮ್ಮ ಮಗಳ ಮದುವೆಗೆ ನೀವು ಹೋಗೋಕೆ ನನ್ನನ್ನ ಕೇಳ್ತೀರಾ? ಹೋಗಿ. ನಾನೀಗ ಪೊಲೀಸೂ ಅಲ್ಲ" ಅಂದೆ.

"ಅದು ಗೊತ್ತಮ್ಮಾ. ಆದ್ರೂ ಒಂದು ಚೀಟಿ ಬರ್ದುಕೊಡಿ. ಯಾರಾದ್ರೂ ಕೇಳಿದ್ರೆ ತೋರಿಸೋಕೆ."

ಅನುಮತಿ ಕೊಡುವ ಅಧಿಕಾರ ನನಗಿರಲಿಲ್ಲ. ಆತನಿಗೆ ಯಾರ ಅನುಮತಿಯೂ ಬೇಕಿರಲಿಲ್ಲ. ಬರೆದುಕೊಟ್ಟರೆ ಮತ್ತೆ ಕಟ್ಟಿಹಾಕಿದ ಹಾಗೆ, ಬರೆಯದಿದ್ದರೆ ಈ ಮನುಷ್ಯ ಈ ಮದುವೆಗೂ ಹೋಗುವುದಿಲ್ಲ. ಮೊಮ್ಮಗಳ ನೋಟ್‌ಬುಕ್ಕಿನಿಂದ ಒಂದು ಹಾಳೆ ಹರಿದು ಬರೆದೆ: 'ಶ್ರೀ ಮುನಿವೆಂಕಟಪ್ಪನವರು ತಮ್ಮ ಮಗಳ ಮದುವೆಗೆ ಹೋಗಬಹುದು.' ಕೆಳಗೆ ಸಹಿ ಹಾಕಿ, ನಿವೃತ್ತ ಎಎಸ್‌ಐ ಅಂತ ಬರೆದೆ. 

ಆತ ಹಾಳೆಯನ್ನು ಬೆಳಕಿಗೆ ಹಿಡಿದು ಎರಡು ಸಲ ಓದಿದ. ಆಮೇಲೆ ನನ್ನ ಕಡೆ ಚಾಚಿದ.

"ವಾಪಸ್ ಎಷ್ಟೊತ್ತಿಗೆ ಬರ್ಬೇಕು ಅಂತ ಬರ್ದಿಲ್ವಲ್ಲಮ್ಮಾ" ಅಂದ.